ಜೂಜಿನಂಗಳದ ಹಸೆಮಣೆ

ಮದುವೆಗೆ ಕಾಯಬೇಕಿಲ್ಲ, ಜೂಜಿಗೆ ಅಂಜಬೇಕಿಲ್ಲ! ಈ ಎರಡು ಕಾನೂನುಗಳ ಬಲದ ಮೇಲೆ ಮರಳುಗಾಡಿನಲ್ಲಿ ಎದ್ದ ಹೋಟೆಲೊಂದು 65 ವರ್ಷ ಬಾಳಿ, ಕೆಲವೇ ಸೆಕೆಂಡುಗಳಲ್ಲಿ ನೆಲಸಮವಾಯಿತು. ಅದರ ಅಂಗಳದಲ್ಲಿದ್ದ ಮರದ ಪುಟ್ಟ ಚರ್ಚು ಮಾತ್ರ ಮೂರು ಬಾರಿ ಜಾಗ ಬದಲಿಸಿ ಉಳಿದುಕೊಂಡಿತು.

2007ರ ನವೆಂಬರ್ 13ರ ನಸುಕಿನಲ್ಲಿ, ಅಮೆರಿಕದ ನೆವಾಡಾ ರಾಜ್ಯದ ಲಾಸ್ ವೇಗಸ್‌ನಲ್ಲಿ ಮೊದಲು ಬಾಣಬಿರುಸುಗಳು ಮೇಲೇರಿದವು. ಅವುಗಳ ಹೊಗೆ ಕರಗುವ ಮುನ್ನವೇ 16 ಅಂತಸ್ತಿನ ಕಟ್ಟಡವೊಂದರ ಕಂಬಗಳಲ್ಲಿ ತುಂಬಿಟ್ಟಿದ್ದ ಸಿಡಿಮದ್ದು ಸಾಲಾಗಿ ಸಿಡಿದು, ಇಡೀ ಗೋಪುರ ತನ್ನೊಳಗೇ ಕುಸಿದು, ದೂಳಿನ ಗೋಡೆಯೊಂದು ಹೆದ್ದಾರಿಯನ್ನು ದಾಟಿ ಹೋಯಿತು. ಹಳೆಯ ಹೋಟೆಲನ್ನು ಕೆಡಹುವುದನ್ನೂ ಟಿಕೆಟ್ಟಿಲ್ಲದ ಪ್ರದರ್ಶನವಾಗಿ ಮಾರ್ಪಡಿಸುವ ಕಲೆ ಆ ಊರಿಗೆ ಆ ವೇಳೆಗೆ ಚೆನ್ನಾಗಿ ಸಿದ್ಧಿಸಿತ್ತು.

ಬಿದ್ದ ಕಟ್ಟಡದ ಹೆಸರು ನ್ಯೂ ಫ್ರಾಂಟಿಯರ್. 1942ರಲ್ಲಿ ಹೋಟೆಲ್ ಲಾಸ್ಟ್ ಫ್ರಾಂಟಿಯರ್ ಎಂಬ ಹೆಸರಿನಿಂದ ಆರಂಭವಾದ ಈ ಕ್ಯಾಸಿನೊ ಹೋಟೆಲು, ಎಂದರೆ ಸರ್ಕಾರದ ಪರವಾನಗಿ ಪಡೆದು ಇಸ್ಪೀಟು, ದಾಳ, ತಿರುಗುಚಕ್ರ ಮತ್ತು ನಾಣ್ಯಯಂತ್ರಗಳ ಮೇಲೆ ಹಣ ಒಡ್ಡಿ ಆಡಿಸುವ ಜೂಜುಗೃಹವನ್ನು ತನ್ನೊಳಗೇ ಇಟ್ಟುಕೊಂಡ ವಸತಿಗೃಹ, ಜೂಜಿಗೆ ಹೆಸರಾದಷ್ಟೇ ಮದುವೆಗೂ ಹೆಸರಾಗಿತ್ತು.

ನಮ್ಮ ಕಡೆಯ ಮದುವೆಗಳನ್ನೇ ನೋಡಿ. ಕಾರ್ತಿಕದ ತುಳಸಿ ಲಗ್ನ ಮುಗಿಯುತ್ತಿದ್ದಂತೆ ಬಳ್ಳಾರಿ ಸೀಮೆಯ ಫಂಕ್ಷನ್ ಹಾಲ್‌ಗಳಿಗೆ ಬಿಡುವು ಸಿಗುವುದು ಕಷ್ಟ. ಕೊಳಗಲ್ಲು, ಕುರುಗೋಡು, ಸಿರುಗುಪ್ಪದ ಕುಟುಂಬಗಳು ಮೊದಲು ಮುಹೂರ್ತ ನೋಡಿಸಿ, ಆಮೇಲೆ ಸ್ಥಳ ಹುಡುಕಿ, ಜವಳಿ ತಂದು, ಲಗ್ನಪತ್ರಿಕೆ ಹಂಚಿ ಮುಗಿಸುವಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಲಾಸ್ಟ್ ಫ್ರಾಂಟಿಯರ್‌ನ ಮದುವೆ ವ್ಯವಹಾರ ನಿಂತದ್ದು ಇದಕ್ಕೆ ತದ್ವಿರುದ್ಧವಾದ ಸಂಗತಿಯ ಮೇಲೆ: ಅಲ್ಲಿಗೆ ಬರುತ್ತಿದ್ದ ಜೋಡಿಗಳಿಗೆ ಬೇಕಾಗಿದ್ದುದು ಶುಭ ಗಳಿಗೆಯಲ್ಲ, ಕೈಗೆ ಸಿಕ್ಕ ಗಳಿಗೆ.

ಶಾಸನಸಭೆ ಹೂಡಿದ ವ್ಯಾಪಾರ

ನೆವಾಡಾ ರಾಜ್ಯಕ್ಕೆ ನೀರು ಕಡಿಮೆ, ಬೆಳೆ ಕಡಿಮೆ, ಜನರೂ ಕಡಿಮೆ. ಬೆಳ್ಳಿ ಮತ್ತು ಚಿನ್ನದ ಗಣಿಗಳು ಬತ್ತಿದ ಮೇಲೆ ಅದರ ಖಜಾನೆಯೂ ಬತ್ತಿತು. ಅದಿರಿನ ಬೆಲೆ ಇಳಿದರೆ ಊರಿನ ಅಂಗಡಿಗಳ ಶಟರು ಹೇಗೆ ಇಳಿಯುತ್ತದೆ ಎಂಬುದನ್ನು ಬಲ್ಲ ಬಳ್ಳಾರಿಯ ಓದುಗರಿಗೆ ಈ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಜಗತ್ತನ್ನೇ ಕಾಡಿದ ಆರ್ಥಿಕ ಮಹಾಕುಸಿತದ ನಡುವೆ, 1931ರ ಮಾರ್ಚ್ 19ರಂದು, ಗವರ್ನರ್ ಫ್ರೆಡ್ ಬಾಲ್ಜರ್ ಎರಡು ದಶಕಗಳಿಂದ ನಿಷೇಧದಲ್ಲಿದ್ದ ಜೂಜನ್ನು ಮತ್ತೆ ಕಾನೂನುಬದ್ಧಗೊಳಿಸುವ ಮಸೂದೆಗೆ ಸಹಿ ಹಾಕಿದರು. ಅದೇ ವರ್ಷ ರಾಜ್ಯವು ವಿಚ್ಛೇದನ ಬಯಸುವವರು ಅಲ್ಲಿ ಕಡ್ಡಾಯವಾಗಿ ನೆಲೆಸಬೇಕಾದ ಅವಧಿಯನ್ನು ಮೂರು ತಿಂಗಳಿಂದ ಆರು ವಾರಕ್ಕೆ ಇಳಿಸಿತು. ಬೇರೆ ರಾಜ್ಯಗಳಲ್ಲಿ ವರ್ಷಗಟ್ಟಲೆ ಹಿಡಿಯುತ್ತಿದ್ದ ಬಿಡುಗಡೆಗೆ ಇಲ್ಲಿ 42 ದಿನಗಳ ವಾಸ ಸಾಕಾಯಿತು. ಆ 42 ದಿನಗಳ ಊಟ, ವಸತಿ, ಮನರಂಜನೆಯ ಖರ್ಚು ಊರಿನ ಆದಾಯವಾಯಿತು.

ವಿಚ್ಛೇದನದ ಊರೇ ವಿವಾಹದ ಊರೂ ಆದದ್ದಕ್ಕೆ ನೆರೆಯ ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟೇ ಕಾರಣ. ಕುಡಿದ ಮತ್ತಿನಲ್ಲಿ ನಡೆಯುವ ಅವಸರದ ಮದುವೆಗಳನ್ನು ತಡೆಯಲೆಂದು ಆ ರಾಜ್ಯ 1927ರಲ್ಲಿ ಅರ್ಜಿಗೂ ಪರವಾನಗಿಗೂ ನಡುವೆ ಮೂರು ದಿನಗಳ ಅಂತರ ವಿಧಿಸಿತು; 1939ರಲ್ಲಿ ವಧೂವರರ ರಕ್ತಪರೀಕ್ಷೆಯನ್ನೂ ಕಡ್ಡಾಯ ಮಾಡಿತು. ನೆವಾಡಾ ಈ ಎರಡನ್ನೂ ಕೇಳಲಿಲ್ಲ. ಲಾಸ್ ಏಂಜಲೀಸ್‌ನಿಂದ ಸುಮಾರು 430 ಕಿಲೋಮೀಟರು ಕಾರು ಓಡಿಸಿದರೆ, ಸಂಜೆ ಹೊರಟ ಜೋಡಿ ಮರುದಿನದ ಬೆಳಕು ಹರಿಯುವ ಮೊದಲೇ ದಂಪತಿಗಳಾಗಬಹುದಿತ್ತು. ನೆರೆಯವರ ನಿಷೇಧದಿಂದ ಲಾಭ ಗಳಿಸುವ ಈ ವಿದ್ಯೆಯೇ ಲಾಸ್ ವೇಗಸ್‌ನ ನಿಜವಾದ ಬಂಡವಾಳ. ಹೊಳೆಯುವ ದೀಪಗಳೆಲ್ಲ ಆಮೇಲಿನ ಅಲಂಕಾರ.

ಊರಿನ ಈ ಹೊಸ ಕಸುಬಿಗೆ ದೇಶವ್ಯಾಪಿ ಪ್ರಚಾರ ಸಿಕ್ಕಿದ್ದು 1939ರಲ್ಲಿ. ಚಿತ್ರನಟ ಕ್ಲಾರ್ಕ್ ಗೇಬಲ್ ಅವರ ಪತ್ನಿ ರಿಯಾ ಲ್ಯಾಂಗ್‌ಹ್ಯಾಮ್ ಆರು ವಾರ ಲಾಸ್ ವೇಗಸ್‌ನಲ್ಲಿ ನೆಲೆಸಿ ವಿಚ್ಛೇದನ ಪಡೆದಾಗ, ಅವರ ಹಿಂದೆಯೇ ಬಂದ ಪತ್ರಕರ್ತರು ಬರೆದ ವರದಿಗಳು ಯಾವ ಜಾಹೀರಾತೂ ಮಾಡಲಾಗದ ಕೆಲಸವನ್ನು ಮಾಡಿದವು.

| ಚೌಕಟ್ಟು | ಕಾಯುವ ಲೆಕ್ಕ
*ಭಾರತದ 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸು ಪ್ರಕಟವಾದ ಮೇಲೆ ಆಕ್ಷೇಪಣೆಗಾಗಿ ಮತ್ತೆ 30 ದಿನ ಕಾಯಬೇಕು. ನೆವಾಡಾದಲ್ಲಿ ಮದುವೆಗೆ ಒಂದು ದಿನವೂ ಬೇಡ, ವಿಚ್ಛೇದನಕ್ಕೆ 42 ದಿನ ಸಾಕು. ಅಲ್ಲಿ ಮದುವೆ ಮುರಿಯಲು ಬೇಕಾದ ದಿನಗಳಿಗಿಂತ ಇಲ್ಲಿ ಮದುವೆ ಕೂಡಲು ಬೇಕಾದ ದಿನಗಳೇ ಹೆಚ್ಚು.*

ಗಣಿಯ ತಂತಿಯಿಂದ ಹೋಟೆಲಿನ ದೀಪ

ಲಾಸ್ ವೇಗಸ್‌ನಿಂದ ಲಾಸ್ ಏಂಜಲೀಸ್ ಕಡೆಗೆ ಹೋಗುವ 91ನೇ ಸಂಖ್ಯೆಯ ಹೆದ್ದಾರಿಯ ಒಂದು ತುಂಡೇ ಇಂದು ಜಗತ್ಪ್ರಸಿದ್ಧವಾದ ‘ಸ್ಟ್ರಿಪ್’. ಅಲ್ಲಿ ಮೊದಲ ಕ್ಯಾಸಿನೊ ಹೋಟೆಲು, ಎಲ್ ರಾಂಚೊ ವೇಗಸ್, 1941ರ ಏಪ್ರಿಲ್‌ನಲ್ಲಿ ತೆರೆಯಿತು. ಚಿತ್ರಮಂದಿರಗಳ ಒಡೆಯರಾಗಿದ್ದ ಆರ್. ಇ. ಗ್ರಿಫಿತ್ ಮತ್ತು ಅವರ ಸೋದರಳಿಯ, ವಾಸ್ತುಶಿಲ್ಪಿ ವಿಲಿಯಂ ಮೂರ್, ಅದೇ ರಸ್ತೆಯಲ್ಲಿದ್ದ ‘91 ಕ್ಲಬ್’ ಎಂಬ ಹಳೆಯ ಜೂಜುಕಟ್ಟೆಯ ಜಾಗವನ್ನು ಕೊಂಡು, 1942ರ ಅಕ್ಟೋಬರ್ 30ರಂದು ಎರಡನೆಯ ಹೋಟೆಲನ್ನು ತೆರೆದರು.

ಅದು ಯುದ್ಧಕಾಲ. ಕಬ್ಬಿಣ, ತಾಮ್ರ, ತಂತಿ, ಕೊಳವೆಗಳೆಲ್ಲ ಸೇನೆಗೆ ಮೀಸಲಾಗಿದ್ದವು. ಮೂರ್ ಅವರೇ ಮುಂದೆ ಹೇಳಿಕೊಂಡಂತೆ, ಅವರು ನೆವಾಡಾದ ಪಿಯೋಚ್ ಎಂಬಲ್ಲಿ ಎರಡು ಗಣಿಗಳನ್ನೇ ಖರೀದಿಸಿ, ಅವುಗಳೊಳಗಿನ ವಿದ್ಯುತ್ ತಂತಿ, ಕೊಳವೆ, ಸ್ವಿಚ್ಚು ಸಲಕರಣೆಗಳನ್ನು ಬಿಚ್ಚಿ ತಂದು ಹೋಟೆಲಿಗೆ ಜೋಡಿಸಿದರು. ಗಣಿಯ ಹಣದಿಂದ ಎದ್ದ ಬಂಗಲೆಗಳು ಎಲ್ಲ ಗಣಿ ಸೀಮೆಗಳಲ್ಲೂ ಉಂಟು. ಗಣಿಯ ಒಡಲನ್ನೇ ಬಿಚ್ಚಿ ಕಟ್ಟಿದ ಹೋಟೆಲು ಅಪರೂಪ.

ಹೋಟೆಲಿನ ಅಲಂಕಾರವೆಲ್ಲ ಹಳೆಯ ಪಶ್ಚಿಮದ್ದು, ಎಂದರೆ ದನಗಾಹಿಗಳು ಮತ್ತು ಗಣಿಗಾರರು ಅಮೆರಿಕದ ಪಶ್ಚಿಮ ಭಾಗದಲ್ಲಿ ನೆಲೆ ಹುಡುಕಿದ 19ನೇ ಶತಮಾನದ್ದು. ಪೇಟೆಯ ಅರಿಜೋನಾ ಕ್ಲಬ್‌ನಿಂದ ಮಹಾಗನಿ ಮರದ ಹಳೆಯ ಮದ್ಯದ ಕಟ್ಟೆಯನ್ನು ಬಿಚ್ಚಿ ತರಲಾಯಿತು. ಅದರ ಮುಂದಿನ ಆಸನಗಳಿಗೆ ಕುದುರೆಯ ಜೀನಿನ ಆಕಾರ ಕೊಡಲಾಯಿತು. ವಿಮಾನದಲ್ಲಿ ಬಂದಿಳಿದ ಅತಿಥಿಗಳನ್ನು ಕುದುರೆ ಸಾರೋಟಿನಲ್ಲಿ ಕರೆತರುವ ವ್ಯವಸ್ಥೆಯೂ ಇತ್ತು. ಹಳತನ್ನು ಹೊಸತಾಗಿ ತಯಾರಿಸಿ ಮಾರುವ ಈ ಉಪಾಯದಲ್ಲಿ ಮದುವೆಯ ಮಂದಿರಕ್ಕೂ ಒಂದು ಜಾಗ ಕಾದಿತ್ತು.

ರೆಡ್‌ವುಡ್ ಮರದ ಪುಟ್ಟ ಚರ್ಚು

‘ಲಿಟಲ್ ಚರ್ಚ್ ಆಫ್ ದಿ ವೆಸ್ಟ್’ ಎಂಬ ಕಟ್ಟಡವನ್ನು 1942ರಲ್ಲಿ ಹೋಟೆಲಿನ ಆವರಣದಲ್ಲೇ ಕಟ್ಟಲಾಯಿತು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರದ ಗೋಡೆ, ಇಳಿಜಾರು ಮಾಡು, ಗಂಟೆಯ ಪುಟ್ಟ ಗೋಪುರ ಇವೆಲ್ಲ ಗಣಿಕಾಲದ ಊರೊಂದರ ಚರ್ಚನ್ನು ನೆನಪಿಸುವಂತಿದ್ದವು. ಆದರೆ ಇದು ಭಾನುವಾರದ ಪ್ರಾರ್ಥನೆಗೆ ಭಕ್ತರು ಸೇರುವ ಚರ್ಚಲ್ಲ. ಮದುವೆಗೆಂದೇ ಕಟ್ಟಿ ಬಾಡಿಗೆಗೆ ಕೊಡುವ ‘ವೆಡ್ಡಿಂಗ್ ಚಾಪೆಲ್’. ಪೇಟೆಯಲ್ಲಿ ಅಂಥ ಮಂದಿರಗಳು ಆಗಲೇ ಇದ್ದವಾದರೂ, ಸ್ಟ್ರಿಪ್ ಮೇಲೆ ಇದೇ ಮೊದಲನೆಯದು.

ಹೋಟೆಲಿನವರ ಜಾಣತನ ಇಲ್ಲಿ ಕಾಣುತ್ತದೆ. ಮದುವೆಯೊಂದರ ಬಾಡಿಗೆಯಿಂದ ಬರುತ್ತಿದ್ದ ಹಣ ಜೂಜಿನ ಮೇಜಿನ ಒಂದು ರಾತ್ರಿಯ ಗಳಿಕೆಯ ಮುಂದೆ ಲೆಕ್ಕಕ್ಕೇ ಬಾರದು. ಆದರೆ ಮದುವೆಗೆ ಬಂದವರು ಕೋಣೆ ಹಿಡಿಯುತ್ತಾರೆ, ಊಟ ಮಾಡುತ್ತಾರೆ, ಬೀಗರು ಬೀಗರು ಮಾತಾಡಿ ಮುಗಿದ ಮೇಲೆ ಮಾಡಲು ಕೆಲಸವಿಲ್ಲದೆ ನಾಣ್ಯಯಂತ್ರಗಳ ಕಡೆ ನಡೆಯುತ್ತಾರೆ. ಮದುವೆಯಾದವರು ಹೆಸರಾಂತರಾಗಿದ್ದರಂತೂ ಅವರ ಚಿತ್ರದ ಜೊತೆಗೆ ಹೋಟೆಲಿನ ಹೆಸರೂ ಮರುದಿನದ ಪತ್ರಿಕೆಗಳಲ್ಲಿ ಪುಕ್ಕಟೆಯಾಗಿ ಅಚ್ಚಾಗುತ್ತದೆ.

ಯುದ್ಧ ಈ ವ್ಯಾಪಾರಕ್ಕೆ ಇಂಬು ಕೊಟ್ಟಿತು. ಊರಿನ ಹತ್ತಿರವೇ ಸೇನೆಯ ಬಂದೂಕು ತರಬೇತಿ ಶಾಲೆ 1941ರಲ್ಲಿ ಆರಂಭವಾಗಿತ್ತು. ಕ್ಯಾಲಿಫೋರ್ನಿಯಾದ ಶಿಬಿರಗಳಿಂದ ಒಂದೆರಡು ದಿನಗಳ ರಜೆಯಲ್ಲಿ ಬರುವ ಸೈನಿಕರಿಗೆ ಮೂರು ದಿನ ಕಾಯುವ ಕಾನೂನು ಎಂದರೆ ಮದುವೆಯೇ ಇಲ್ಲ ಎಂದಂತೆ. ಯುದ್ಧಕ್ಕೂ ಮದುವೆಯ ಅವಸರಕ್ಕೂ ಇರುವ ಈ ನಂಟು ಮುಂದೆಯೂ ಕಡಿಯಲಿಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, ವಿವಾಹಿತರಿಗೆ ಕಡ್ಡಾಯ ಸೇನಾಸೇವೆಯಿಂದ ಸಿಗುತ್ತಿದ್ದ ವಿನಾಯಿತಿ 1965ರ ಆಗಸ್ಟ್ 26ರ ನಡುರಾತ್ರಿಗೆ ಕೊನೆಯಾಗಲಿದ್ದಾಗ, ಆ ಒಂದು ದಿನ ಲಾಸ್ ವೇಗಸ್‌ನಲ್ಲಿ 171 ಜೋಡಿಗಳು ಮದುವೆಯಾದುದನ್ನೂ, ಅವುಗಳಲ್ಲಿ 67 ಮದುವೆಗಳನ್ನು ಒಬ್ಬರೇ ನ್ಯಾಯಾಧಿಕಾರಿ ನಡೆಸಿಕೊಟ್ಟುದನ್ನೂ ಲೇಖಕಿ ಜೋನ್ ಡಿಡಿಯನ್ 1967ರ ತಮ್ಮ ಪ್ರಬಂಧವೊಂದರಲ್ಲಿ ದಾಖಲಿಸಿದ್ದಾರೆ. ಧರ್ಮಸ್ಥಳದ ಸಾಮೂಹಿಕ ವಿವಾಹಗಳನ್ನು ಬಲ್ಲವರಿಗೆ ಈ ಸಂಖ್ಯೆ ದೊಡ್ಡದೆನಿಸದು; ಅಲ್ಲಿ ಸೇರುವ ಜೋಡಿಗಳು ಮೊದಲೇ ನಿಶ್ಚಯಿಸಿಕೊಂಡು ಬಂದವರು ಎಂಬುದಷ್ಟೇ ವ್ಯತ್ಯಾಸ.

| ಚೌಕಟ್ಟು | ತಾರೆಗಳ ಲಗ್ನ
*ಪುಟ್ಟ ಚರ್ಚಿನಲ್ಲಿ ಮದುವೆಯಾದವರು: ನಟಿ ಬೆಟ್ಟಿ ಗ್ರೇಬಲ್ ಮತ್ತು ವಾದ್ಯಗಾರ ಹ್ಯಾರಿ ಜೇಮ್ಸ್ (1943), ಝಾ ಝಾ ಗಾಬೋರ್ ಮತ್ತು ಜಾರ್ಜ್ ಸ್ಯಾಂಡರ್ಸ್ (1949), ಜೂಡಿ ಗಾರ್ಲಂಡ್ ಮತ್ತು ಮಾರ್ಕ್ ಹೆರನ್ (1965), ಸಿಂಡಿ ಕ್ರಾಫರ್ಡ್ ಮತ್ತು ರಿಚರ್ಡ್ ಗೇರ್ (1991), ಆಂಜಲೀನಾ ಜೋಲಿ ಮತ್ತು ಬಿಲ್ಲಿ ಬಾಬ್ ಥಾರ್ನ್‌ಟನ್ (2000). ಐದೂ ಮದುವೆಗಳು ವಿಚ್ಛೇದನದಲ್ಲಿ ಕೊನೆಗೊಂಡವು. 1964ರ ‘ವಿವಾ ಲಾಸ್ ವೇಗಸ್’ ಚಿತ್ರದಲ್ಲಿ ಎಲ್ವಿಸ್ ಪ್ರೀಸ್ಲಿ ಮತ್ತು ಆನ್ ಮಾರ್ಗ್ರೆಟ್ ಅವರ ತೆರೆಯ ಮೇಲಿನ ಮದುವೆಯೂ ಇಲ್ಲೇ ನಡೆಯಿತು. ಎಲ್ವಿಸ್‌ರ ನಿಜವಾದ ಮದುವೆ 1967ರ ಮೇ 1ರಂದು ಅಲಾದೀನ್ ಎಂಬ ಮತ್ತೊಂದು ಕ್ಯಾಸಿನೊ ಹೋಟೆಲಿನಲ್ಲಿ ಆಯಿತು. 1998ರಲ್ಲಿ ಆ ಹೋಟೆಲನ್ನೂ ಸಿಡಿಮದ್ದಿಟ್ಟು ಕೆಡವಲಾಯಿತು.*

ಎಲ್ಲರಿಗೂ ತೆರೆದಿರದ ಬಾಗಿಲು

ಏನನ್ನೂ ಕೇಳದ ರಾಜ್ಯವೆಂದು ಹೆಸರಾಗಿದ್ದ ನೆವಾಡಾ ಒಂದು ಪ್ರಶ್ನೆಯನ್ನು ಮಾತ್ರ ಬಿಡದೆ ಕೇಳುತ್ತಿತ್ತು: ವಧೂವರರ ಜನಾಂಗ ಯಾವುದು? ಬಿಳಿಯರು ಬೇರೆ ಜನಾಂಗದವರನ್ನು ಮದುವೆಯಾಗುವುದನ್ನು ಅಲ್ಲಿನ ಕಾನೂನು ನಿಷೇಧಿಸಿತ್ತು. 1958ರ ಡಿಸೆಂಬರ್‌ನಲ್ಲಿ ಬಂದರು ಕಾರ್ಮಿಕರ ನಾಯಕ ಹ್ಯಾರಿ ಬ್ರಿಜಸ್ ಮತ್ತು ಜಪಾನಿ ಮೂಲದ ನೊರಿಕೊ ಸವಾಡಾ ಅದೇ ರಾಜ್ಯದ ರೀನೊ ನಗರದಲ್ಲಿ ಪರವಾನಗಿ ಕೇಳಿದಾಗ ಅಧಿಕಾರಿಗಳು ನಿರಾಕರಿಸಿದರು. ಅವರು ನ್ಯಾಯಾಲಯಕ್ಕೆ ಹೋಗಿ ಗೆದ್ದ ಮೇಲೆ, 1959ರಲ್ಲಿ, ಆ ಕಾನೂನು ರದ್ದಾಯಿತು.

ಹೋಟೆಲಿನೊಳಗೂ ಅದೇ ಗೆರೆ ಇತ್ತು. 1940ರ ದಶಕದಲ್ಲಿ ಲಾಸ್ಟ್ ಫ್ರಾಂಟಿಯರ್‌ನ ವೇದಿಕೆಯಲ್ಲಿ ಹಾಡಿ ಕುಣಿದು ಚಪ್ಪಾಳೆ ಗಿಟ್ಟಿಸಿದ ಕಪ್ಪುಜನಾಂಗದ ಕಲಾವಿದ ಸ್ಯಾಮಿ ಡೇವಿಸ್ ಜೂನಿಯರ್, ಆಟ ಮುಗಿದ ಮೇಲೆ ಅದೇ ಹೋಟೆಲಿನಲ್ಲಿ ಕೋಣೆ ಪಡೆಯುವಂತಿರಲಿಲ್ಲ. ಊರ ಪಶ್ಚಿಮದ ಕೇರಿಯಲ್ಲಿ ಉಳಿಯಬೇಕಾಗಿತ್ತು. ಸ್ಟ್ರಿಪ್‌ನ ಹೋಟೆಲುಗಳು ಈ ತಾರತಮ್ಯವನ್ನು ಕೈಬಿಡಲು ಒಪ್ಪಿದ್ದು 1960ರ ಮಾರ್ಚ್‌ನಲ್ಲಿ, ಪ್ರತಿಭಟನಾ ಮೆರವಣಿಗೆಯ ಎಚ್ಚರಿಕೆ ಬಂದ ಮೇಲೆ.

ಹೆಸರು, ಒಡೆಯರು, ಮುಷ್ಕರ

ಹೋಟೆಲಿನ ಮುಂದಿನ ಬದುಕು ಹೆಸರು ಬದಲಾವಣೆಗಳ ಸರಣಿ. 1955ರಲ್ಲಿ ಅಂತರಿಕ್ಷದ ಅಲಂಕಾರ ತೊಟ್ಟು ನ್ಯೂ ಫ್ರಾಂಟಿಯರ್ ಆಯಿತು. 1956ರ ಏಪ್ರಿಲ್‌ನಲ್ಲಿ ಎಲ್ವಿಸ್ ಪ್ರೀಸ್ಲಿ ಲಾಸ್ ವೇಗಸ್‌ನಲ್ಲಿ ಮೊದಲ ಬಾರಿ ಹಾಡಿದ್ದು ಇಲ್ಲೇ. ಅದಕ್ಕೂ ಎರಡು ವರ್ಷ ಮೊದಲು, ಸಿನಿಮಾ ಅವಕಾಶಗಳು ಕಡಿಮೆಯಾಗಿದ್ದ ನಟ ರೊನಾಲ್ಡ್ ರೇಗನ್ ಇದೇ ಹೋಟೆಲಿನಲ್ಲಿ ಎರಡು ವಾರ ನಿರೂಪಕರಾಗಿ ದುಡಿದಿದ್ದರು. ಹಳೆಯ ಕಟ್ಟಡವನ್ನು ಕೆಡವಿ 1967ರ ಜುಲೈನಲ್ಲಿ ‘ಫ್ರಾಂಟಿಯರ್’ ಎಂಬ ಹೆಸರಿನಲ್ಲಿ ಹೊಸದನ್ನು ತೆರೆದಾಗ, ಅದರ ಪಾಲುಗಳ ಹಿಂದೆ ಡೆಟ್ರಾಯಿಟ್ ನಗರದ ಅಪರಾಧ ಜಾಲದ ಗುಪ್ತ ಬಂಡವಾಳವಿದ್ದುದು ಮುಂದೆ ನ್ಯಾಯಾಲಯದಲ್ಲಿ ಬಯಲಾಯಿತು. ಅದೇ ವರ್ಷದ ಕೊನೆಗೆ, ಸ್ಟ್ರಿಪ್‌ನ ಹೋಟೆಲುಗಳನ್ನು ಒಂದರ ಹಿಂದೆ ಒಂದರಂತೆ ಕೊಳ್ಳುತ್ತಿದ್ದ ಕೋಟ್ಯಧೀಶ ಹೊವರ್ಡ್ ಹ್ಯೂಸ್ ಇದನ್ನೂ ಕೊಂಡರು.

ಈ ಹೋಟೆಲಿನ ಚರಿತ್ರೆಯಲ್ಲಿ ತಾರೆಯರಿಗಿಂತ ದೊಡ್ಡ ಅಧ್ಯಾಯ ಬರೆದವರು ಅಡುಗೆಮನೆಯವರು, ಕೋಣೆ ಗುಡಿಸುವವರು, ಊಟ ಬಡಿಸುವವರು. ವೇತನ ಮತ್ತು ಸೌಲಭ್ಯಗಳ ಕಡಿತವನ್ನು ವಿರೋಧಿಸಿ 1991ರ ಸೆಪ್ಟೆಂಬರ್ 21ರಂದು ಸುಮಾರು 550 ಮಂದಿ ಕೆಲಸಗಾರರು ಮುಷ್ಕರ ಹೂಡಿದರು. ಹಗಲೂ ರಾತ್ರಿಯೂ ಹೋಟೆಲಿನ ಮುಂದಿನ ಪಾದಚಾರಿ ದಾರಿಯಲ್ಲಿ ಸರದಿಯ ಮೇಲೆ ನಡೆದ ಆ ಧರಣಿ ಆರು ವರ್ಷ, ನಾಲ್ಕು ತಿಂಗಳು, ಹತ್ತು ದಿನ ಮುಂದುವರಿಯಿತು. ಅಷ್ಟು ಕಾಲ ಒಬ್ಬ ಮುಷ್ಕರನಿರತನೂ ಸಾಲು ದಾಟಿ ಕೆಲಸಕ್ಕೆ ಮರಳಲಿಲ್ಲ. ಮದುವೆಯ ಮಾತುಗಳು ಗಳಿಗೆಗಳಲ್ಲಿ ಮುಗಿಯುತ್ತಿದ್ದ ಊರಿನಲ್ಲಿ, ಕೊಟ್ಟ ಮಾತಿಗೆ ಇಷ್ಟು ದೀರ್ಘಕಾಲ ಅಂಟಿಕೊಂಡವರು ಇವರೇ. ಫಿಲ್ ರಫಿನ್ ಎಂಬ ಉದ್ಯಮಿ 16.7 ಕೋಟಿ ಡಾಲರಿಗೆ ಹೋಟೆಲನ್ನು ಕೊಂಡು ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ, 1998ರ ಫೆಬ್ರುವರಿ 1ರಂದು ಮುಷ್ಕರನಿರತರು ಗೆದ್ದವರಾಗಿ ಕೆಲಸಕ್ಕೆ ಮರಳಿದರು.

ರಫಿನ್ ನ್ಯೂ ಫ್ರಾಂಟಿಯರ್ ಎಂಬ ಹಳೆಯ ಹೆಸರನ್ನು ಮತ್ತೆ ಹಚ್ಚಿದರು. ಒಂಬತ್ತು ವರ್ಷಗಳ ಬಳಿಕ ಅವರು ಅದನ್ನು ಮಾರಿದಾಗ ಬೆಲೆ 120 ಕೋಟಿ ಡಾಲರು ದಾಟಿತ್ತು. ಕೊಂಡವರಿಗೆ ಬೇಕಾಗಿದ್ದುದು ಹೋಟೆಲಲ್ಲ, ಅದರ ಕೆಳಗಿನ ನೆಲ. 2007ರ ಜುಲೈನಲ್ಲಿ ಬಾಗಿಲು ಮುಚ್ಚಿತು, ನವೆಂಬರ್‌ನಲ್ಲಿ ಗೋಪುರ ಬಿತ್ತು, ಮರುವರ್ಷವೇ ಜಾಗತಿಕ ಹಣಕಾಸು ಬಿಕ್ಕಟ್ಟು ಬಂದು ಹೊಸ ಹೋಟೆಲಿನ ಯೋಜನೆ ಕಾಗದದಲ್ಲೇ ಉಳಿಯಿತು. ಆಮೇಲೆ ಬಂದ ಮತ್ತೊಬ್ಬ ಒಡೆಯರ ಯೋಜನೆಯೂ ಕೈಗೂಡದೆ, 2018ರಲ್ಲಿ ವಿನ್ ರೆಸಾರ್ಟ್ಸ್ ಸಂಸ್ಥೆ ಆ ನೆಲವನ್ನು 33.6 ಕೋಟಿ ಡಾಲರಿಗೆ ಪಡೆಯಿತು. ಆ ಊರಿನಲ್ಲಿ ಅತಿ ದೊಡ್ಡ ಜೂಜು ನಡೆಯುವುದು ಮೇಜಿನ ಮೇಲಲ್ಲ, ಸೈಟಿನ ಮೇಲೆ.

ನಡೆದಾಡಿದ ಮಂದಿರ

ಪುಟ್ಟ ಚರ್ಚು ಈ ಕುಸಿತಗಳಿಂದ ಪಾರಾದದ್ದು ಬುಡಸಮೇತ ಎತ್ತಿ ಸಾಗಿಸಬಹುದಾದಷ್ಟು ಹಗುರವಾಗಿದ್ದುದರಿಂದ. 1954ರಲ್ಲಿ ಹೋಟೆಲಿನ ವಿಸ್ತರಣೆಗೆ ಜಾಗ ಬಿಟ್ಟುಕೊಟ್ಟು ಅದು ಅದೇ ಆವರಣದ ದಕ್ಷಿಣಕ್ಕೆ ಸರಿಯಿತು. 1970ರ ದಶಕದ ಕೊನೆಗೆ ಸ್ಟ್ರಿಪ್‌ನ ದಕ್ಷಿಣ ತುದಿಯಲ್ಲಿದ್ದ ಹಸಿಯೆಂಡಾ ಹೋಟೆಲಿನ ಅಂಗಳಕ್ಕೆ ಹೋಯಿತು. 1996ರಲ್ಲಿ ಅಲ್ಲಿಂದಲೂ ಎದ್ದು, ಅದೇ ರಸ್ತೆಯ ಇನ್ನೂ ದಕ್ಷಿಣಕ್ಕೆ ತನ್ನದೇ ಜಾಗದಲ್ಲಿ ನೆಲೆಗೊಂಡಿತು. ಆ ವರ್ಷದ ಡಿಸೆಂಬರ್ 31ರ ರಾತ್ರಿ ಹಸಿಯೆಂಡಾವನ್ನು ಸಿಡಿಮದ್ದಿಟ್ಟು ಕೆಡವಲಾಯಿತು.

ಸ್ಥಳ ಬದಲಿಸಿದ ಕಟ್ಟಡಗಳನ್ನು ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸಾಮಾನ್ಯವಾಗಿ ಸೇರಿಸುವುದಿಲ್ಲ. ಆದರೂ ಈ ಚರ್ಚನ್ನು 1992ರಲ್ಲಿ ಸೇರಿಸಲಾಯಿತು. ತುಂಗಭದ್ರಾ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿನ ಜನ ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಊರು ಕಟ್ಟಿಕೊಂಡುದನ್ನು ಬಲ್ಲ ಈ ಸೀಮೆಯವರಿಗೆ, ಪೂಜ್ಯತೆ ಇರುವುದು ಜಾಗದಲ್ಲೋ ಕಟ್ಟಡದಲ್ಲೋ ಎಂಬ ಚರ್ಚೆ ಹೊಸದಲ್ಲ.

| ಚೌಕಟ್ಟು | ಐವತ್ತು ಲಕ್ಷ
*ಲಾಸ್ ವೇಗಸ್ ಸೇರಿರುವ ಕ್ಲಾರ್ಕ್ ಕೌಂಟಿ, ಎಂದರೆ ನಮ್ಮ ಜಿಲ್ಲೆಗೆ ಸಮಾನವಾದ ಆಡಳಿತ ಘಟಕ, 1909ರಲ್ಲಿ ರಚನೆಯಾಯಿತು. ಅಂದಿನಿಂದ ಅದು ಕೊಟ್ಟ ವಿವಾಹ ಪರವಾನಗಿಗಳ ಒಟ್ಟು ಸಂಖ್ಯೆ 2022ರಲ್ಲಿ 50 ಲಕ್ಷ ಮುಟ್ಟಿತು. ಪರವಾನಗಿ ಕಚೇರಿ ರಜಾದಿನಗಳಲ್ಲೂ ಬೆಳಿಗ್ಗೆ 8ರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ.*

ಗೋವಾದ ದಾರಿ

ಜೂಜೂ ದಾಂಪತ್ಯವೂ ಒಂದೇ ಸಭೆಯಲ್ಲಿ ಎದುರಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನ ಬಯಲಾಟದ ಪ್ರೇಕ್ಷಕರ ಮುಂದಿರುವ ಉದಾಹರಣೆ ಪಗಡೆಯಾಟದ್ದು. ಧರ್ಮರಾಯ ಪಣಕ್ಕಿಟ್ಟದ್ದು ಯಾರನ್ನು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ರಾಜ್ಯದ ಕಾನೂನೂ ಜೂಜನ್ನು ಒಪ್ಪುವುದಿಲ್ಲ: 1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜುಗೃಹ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವಾಗಿಸಿದೆ. ಅಂದರ್ ಬಾಹರ್ ಅಡ್ಡೆಗಳ ಮೇಲಿನ ದಾಳಿ, ಮಟ್ಕಾ ಚೀಟಿ ಬರೆಯುವವರ ಬಂಧನ ಜಿಲ್ಲಾ ಪುಟಗಳ ನಿತ್ಯದ ಸುದ್ದಿ. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸಿದ್ದರಿಂದ ಇಸ್ಪೀಟು ಕ್ಲಬ್‌ಗಳು ಉಸಿರಾಡುತ್ತಿವೆ.

ನೆವಾಡಾದ ಪಾಠ ಕಲಿತದ್ದು ನೆರೆಯ ಗೋವಾ. ಅದು ತನ್ನ 1976ರ ಜೂಜು ಕಾಯಿದೆಯನ್ನು 1992ರಲ್ಲಿ ತಿದ್ದಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೂ, 1996ರಲ್ಲಿ ಮತ್ತೆ ತಿದ್ದಿ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಅವಕಾಶ ಕೊಟ್ಟಿತು. ಕ್ಯಾಲಿಫೋರ್ನಿಯಾದವರು ಕಾರು ಹತ್ತಿ ನೆವಾಡಾಕ್ಕೆ ಹೋದ ಹಾಗೆ, ಬಳ್ಳಾರಿ, ಹೊಸಪೇಟೆಯವರು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗೋವಾ ತಲುಪುತ್ತಾರೆ. ಕಡಲ ದಂಡೆಯ ಹೋಟೆಲುಗಳಲ್ಲಿ ಕರ್ನಾಟಕದ ಸಿರಿವಂತರ ಮದುವೆಗಳೂ ನಡೆಯುತ್ತವೆ, ಮದುವೆಗೆ ಬಂದವರು ಸಂಜೆ ಮಾಂಡೋವಿ ನದಿಯ ಕ್ಯಾಸಿನೊ ಹಡಗನ್ನೂ ಹತ್ತುತ್ತಾರೆ.

ಆದರೂ ಗೋವಾ ಅರ್ಧ ದಾರಿಯಷ್ಟೇ ನಡೆದಿದೆ. ಪೋರ್ಚುಗೀಸರ ಕಾಲದಿಂದ ಬಂದ ಅಲ್ಲಿನ ನಾಗರಿಕ ಸಂಹಿತೆಯಡಿ ವಿವಾಹ ನೋಂದಣಿಗೆ ಎರಡು ಹಂತಗಳಿದ್ದು, ನಡುವೆ ಕಾಯಲೇಬೇಕು. ಹೊರ ರಾಜ್ಯದ ಜೋಡಿ ಗೋವಾದ ಹೋಟೆಲಿನಲ್ಲಿ ಕೊಳ್ಳುವುದು ಮಂಟಪ, ಊಟ ಮತ್ತು ಕಡಲಿನ ಹಿನ್ನೆಲೆಯನ್ನು. ಲಾಸ್ಟ್ ಫ್ರಾಂಟಿಯರ್ ತನ್ನ ಅಂಗಳದಲ್ಲಿ ಮಾರುತ್ತಿದ್ದ ಮುಖ್ಯ ಸರಕಾದ ತಡವಿಲ್ಲದ ಕಾನೂನುಬದ್ಧ ಮದುವೆ ಅಲ್ಲಿ ಮಾರಾಟಕ್ಕಿಲ್ಲ.